ಐದು ವಾರದ ಫೋನು

ಅತ್ತಿಗುಪ್ಪೆ, ಬೆಂಗಳೂರು
೫-೧೦-೨೦೦೬, ಗುರುವಾರ

ಪ್ರೀತಿಯ ಕುಸುಮಾ,

ಚೆನ್ನಾಗಿದ್ದೀಯಾ? ದೆಹಲಿಯಲ್ಲಿ ಇನ್ನೇನು ಚಳಿ ಶುರುವಾಗುವ ಹೊತ್ತು. ನಿನಗೆ ಮೊದಲಿನಿಂದಲೂ ಗಂಟಲು ಸೂಕ್ಷ್ಮ, ತಣ್ಣೀರು ಕುಡಿಯಬೇಡ. ಅಷ್ಟು ದೊಡ್ಡ ಡಾಕ್ಟರಿಗೆ ಅಮ್ಮ ಇದನ್ನೆಲ್ಲ ಹೇಳುತ್ತಾಳಲ್ಲ ಅಂತ ನಗಬೇಡ, ಹೆತ್ತವಳು, ಹೇಳದೆ ಇರಲಾಗುವುದಿಲ್ಲ. ನಾವಿಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೋ. ನಿಮ್ಮಪ್ಪ ವಾಕರ್ ಹಿಡಿದು ನಡುಮನೆಯಿಂದ ಬಚ್ಚಲವರೆಗೆ ಹೋಗುತ್ತಾರೆ, ಹಿಂದಿನಿಂದ ನಾನು ಸೊಂಟಕ್ಕೆ ಕೈ ಕೊಟ್ಟಿರುತ್ತೇನೆ. ಕೈ ನಡುಕ ಹಾಗೇ ಇದೆ. ಮಾತು ಎಷ್ಟು ಸಣ್ಣದಾಗಿದೆ ಎಂದರೆ ಬಾಯಿಯ ಹತ್ತಿರ ಕಿವಿ ಇಡಬೇಕು. ನನ್ನನ್ನು ಬೈಯುವಾಗ ಮಾತ್ರ ಬೀದಿಗೆಲ್ಲ ಕೇಳಿಸುತ್ತದೆ.

ನೀನು ಕಳಿಸಿದ ಒಪ್ಪಿಗೆಯ ಫಾರಂ ಬಂತು. ಸಂಕ್ರಾಂತಿಗೆ ಬಂದು ನಿಮ್ಮಪ್ಪನ ನಡಿಗೆಯನ್ನು ವಿಡಿಯೋ ತೆಗೆಯಬೇಕು, ಎರಡನೇ ಲೇಖನಕ್ಕೆ ಬೇಕು, ರೋಗಿಯದೊಂದು, ನೋಡಿಕೊಳ್ಳುವವರದೊಂದು ಸಹಿ ಹಾಕಿ ಕಳಿಸಿ ಅಂತ ಬರೆದಿದ್ದೀಯ. ನನ್ನ ಸಹಿಯ ವಿಷಯಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನಿನ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದು.

ಹೋದ ತಿಂಗಳು ನಿನ್ನ ಮೊದಲನೇ ಲೇಖನ ಬಂದ ಡಾಕ್ಟರುಗಳ ಪತ್ರಿಕೆಯನ್ನು ಕಳಿಸಿದ್ದೆಯಲ್ಲ, ನಿನ್ನ ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು. ಅದನ್ನು ನಾನು ಬೀದಿಯಲ್ಲಿ ಯಾರಿಗೆ ತೋರಿಸಿಲ್ಲ ಹೇಳು. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ನನ್ನದು ಡಾಕ್ಟರು ಬೇರೆ. ಇಂಗ್ಲಿಷಿನ ಒಂದಕ್ಷರ ಓದಲಾರದೆ ಇದ್ದರೂ ನಿನ್ನ ಹೆಸರಿನ ಆಕಾರ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಎಲ್ಲಕ್ಕಿಂತ ಮೇಲೆ ಅದನ್ನೇ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ದಿನ ಎತ್ತಿ, ಎರಡು ಸಾಲಾದರೂ ಓದದೆ ಒಳಗಿಡಬಾರದು, ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ನಿನ್ನಿಂದಲೇ ಓದಿಸುತ್ತಿದ್ದೆ. ಈಗ ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರು? ಮಹಡಿಯ ಮೇಲಿನ ರೂಮಿನಲ್ಲಿ ಗೋಕಾಕದ ಕಡೆಯ ಹುಡುಗಿ ಬಾಡಿಗೆಗಿದ್ದಾಳೆ, ಸುವರ್ಣಾ ಅಂತ, ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳನ್ನು ಕರೆದು, ನನ್ನ ಮಗಳು ಬರೆದಿದ್ದು ಓದಿ ಕನ್ನಡದಲ್ಲಿ ಹೇಳಮ್ಮ ಅಂದೆ. ಅವಳು ಒಂದು ಪುಟ ಓದಿ ಪತ್ರಿಕೆ ಮಡಿಚಿದಳು. "ಬ್ಯಾಡ್ರಿ ಅವ್ವಾರ, ಇದು ನಿಮಗ ತಿಳಿಯೂದಿಲ್ಲ" ಅಂದಳು. ನಾನು ಬಿಡಲಿಲ್ಲ. ಶಾಸ್ತ್ರಕ್ಕೆ ಎರಡು ಸಾಲು ಕೇಳಲು ಹೋದವಳು ನಾಲ್ಕು ಪುಟವನ್ನೂ ಕೇಳಿಸಿಕೊಂಡು ಎದ್ದೆ.

ಬೆಂಗಳೂರಿನೊಳಗೆ ಸೇರಿಹೋದ ಹಳ್ಳಿಯ ರೈತ, ಅರವತ್ತೇಳು ವರ್ಷ, ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಇದು ನಿಮ್ಮಪ್ಪ. ರೋಗಿಯ ಪತ್ನಿ ಮಾತ್ರೆಯನ್ನು ಉಷ್ಣವೆಂದು ನಂಬಿ, ತಂಪಿಗಾಗಿ ಪ್ರತಿ ಸಲವೂ ಒಂದು ಲೋಟ ಹಾಲಿನಲ್ಲೇ ಕೊಡುತ್ತಾಳೆ. ಇದು ನಾನು. ಹಾಲಿನಲ್ಲಿರುವ ಸತ್ವವೇ ಅಡ್ಡ ಬಂದು ಆ ಮಾತ್ರೆಯನ್ನು ತಲೆಗೆ ಹತ್ತಗೊಡುವುದಿಲ್ಲವಂತೆ. ಅಲ್ಲ ಕುಸುಮಾ, ಹಸು ಕಟ್ಟಿ, ವಿಜಯನಗರಕ್ಕೆಲ್ಲ ಹಾಲು ಹಾಕಿ ನಿನ್ನನ್ನು ಓದಿಸಿದ ಮನೆ ಇದು. ಹಾಲು ಕೆಟ್ಟದ್ದು ಮಾಡುತ್ತದೆ ಅಂತ ನನಗೆ ಕನಸು ಬೀಳುತ್ತದಾ? ಪ್ಯಾಕೆಟ್ಟಿನದು ನೀರು ಅಂತ, ಪಕ್ಕದ ಇಂದ್ರಮ್ಮನ ಮನೆಯಲ್ಲಿ ಇನ್ನೂ ಎರಡು ಹಸು ಇವೆಯಲ್ಲ, ಅಲ್ಲಿಂದ ಗಟ್ಟಿ ಹಾಲು ತಂದು ಕಾಯಿಸಿ ಆರಿಸಿ ಕೊಡುತ್ತಿದ್ದೆ. ಕುಡಿದ ಮೇಲೆ ಅವರು ಕಂಬದ ಹಾಗೆ ಬಿಗಿದುಕೊಂಡು ಕೂತರೆ ಇನ್ನರ್ಧ ಲೋಟ ಕೊಡುತ್ತಿದ್ದೆ.

ಆರು ವರ್ಷ ಕೊಟ್ಟ ಹಾಲು ನನ್ನ ತಪ್ಪು. ಹೆಚ್ಚು ಓದಿಲ್ಲದವಳು, ಯಾವ ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆಮೇಲಿನದನ್ನು ಹೇಳು. ಹೋದ ವರ್ಷ ಸಂಕ್ರಾಂತಿಗೆ ನೀನು ಬಂದು ಹನ್ನೆರಡು ದಿನ ಇದ್ದೆ. ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತು ಅಪ್ಪ ಎದ್ದದ್ದು, ಕೂತದ್ದು, ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಲ್ಲ ಬರೆದುಕೊಂಡೆ. ಏನೇ ಬರೀತಿದ್ದೀಯ ಅಂದರೆ "ಏನಿಲ್ಲಮ್ಮ, ಸುಮ್ನೆ" ಅಂದೆ. ನಾನು ಲೋಟ ಹಿಡಿದುಕೊಂಡು ನಿನ್ನ ಮುಂದೆಯೇ ಓಡಾಡಿದೆ. ನೀನು ಒಂಬತ್ತು ದಿನ ನೋಡಿದೆ. ಹತ್ತನೇ ದಿನದಿಂದ, "ಮಾತ್ರೆ ನಾನೇ ಕೊಡ್ತೀನಿ, ನೀನು ರೆಸ್ಟ್ ತಗೋ" ಅಂತ ಮೂರು ದಿನ ನೀನೇ ಬರೀ ನೀರಿನಲ್ಲಿ ಕೊಟ್ಟೆ. ಮನುಷ್ಯ ಆರ್‌ಪಿಸಿ ಲೇಔಟಿನ ತಿರುವಿನವರೆಗೆ ಒಬ್ಬರೇ ನಡೆದು ಬಂದರು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಮಾರನೇ ದಿನ ನೀನು ಅಪ್ಪನ ಹತ್ತಿರ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಮಾತ್ರೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ದೆಹಲಿಗೆ ಹೊರಟೆ. ನೀರಿನಲ್ಲಿ ಕೊಡಮ್ಮ ಅಂತ ಒಂದು ಮಾತು ಹೇಳಲಿಲ್ಲ.

ಹೇಳಲು ಮರೆತೆ ಅಂದಿದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ನೀನೇ ಬರೆದಿದ್ದೀಯ, ಸುವರ್ಣಾ ಎರಡು ಸಲ ಓದಿದಳು: ಹೋಲಿಕೆಗಾಗಿ ರೋಗಿಯನ್ನು ಮನೆಯ ಹಳೆಯ ಪದ್ಧತಿಗೇ ಬಿಟ್ಟು, ಎಂಟು ವಾರ ದೂರವಾಣಿಯ ಮೂಲಕ ಗಮನಿಸಲು ಉದ್ದೇಶಿಸಲಾಗಿತ್ತು, ರೋಗಿ ಬಿದ್ದ ಕಾರಣ ಐದನೇ ವಾರಕ್ಕೆ ನಿಲ್ಲಿಸಲಾಯಿತು. ಆ ಫೋನುಗಳು ನನಗೆ ನೆನಪಿವೆ. ಪ್ರತಿ ಭಾನುವಾರ ಹತ್ತು ಗಂಟೆಗೆ. ಅಪ್ಪ ಎಷ್ಟು ಗಂಟೆ ಬಿಗಿದುಕೊಂಡಿದ್ದರು, ಹೊಸ್ತಿಲ ಹತ್ತಿರ ಎಷ್ಟು ಸಲ ನಿಂತರು ಅಂತ ಕೇಳುತ್ತಿದ್ದೆ. ನಾನು ವಾರವೆಲ್ಲ ಗೋಡೆ ಗಡಿಯಾರ ನೋಡಿ ನೆನಪಿಟ್ಟುಕೊಂಡು ಒಪ್ಪಿಸುತ್ತಿದ್ದೆ. ಇಂದ್ರಮ್ಮನ ಮಗಳು ಕೆಂಗೇರಿಯಲ್ಲೇ ಇದ್ದರೂ ಹಬ್ಬಕ್ಕೂ ಫೋನ್ ಮಾಡುವುದಿಲ್ಲ, ನನ್ನ ಮಗಳು ಅಷ್ಟು ದೂರದಿಂದ ವಾರ ತಪ್ಪಿಸುವುದಿಲ್ಲ ಅಂತ ಅವಳ ಹೊಟ್ಟೆ ಉರಿಸುತ್ತಿದ್ದೆ.

ಐದನೇ ವಾರದ ಬುಧವಾರ ಬೆಳಗ್ಗೆ ಬಚ್ಚಲ ಹೊಸ್ತಿಲಲ್ಲಿ ಕಾಲು ಅಂಟಿಕೊಂಡು ನಿಂತರು, ಕಾಲು ಮುಂದೆ ಬರಲಿಲ್ಲ, ಮೈ ಮುಂದಕ್ಕೆ ಬಂತು. ಸೊಂಟದ ಮೂಳೆ ಮುರಿದ ಸದ್ದು ನಾನು ಅಡುಗೆಮನೆಯಿಂದ ಕೇಳಿದೆ. ಅವತ್ತು ಸಂಜೆ ನೀನು ಅಳುತ್ತಾ ಫೋನ್ ಮಾಡಿ, "ಅಮ್ಮಾ, ಹೊಸದಾಗಿ ಗೊತ್ತಾಗಿದೆ, ಇನ್ಮೇಲೆ ಮಾತ್ರೆ ನೀರಲ್ಲೇ ಕೊಡು" ಅಂದೆ. ಎಂಥಾ ಬುದ್ಧಿವಂತೆ ನನ್ನ ಮಗಳು ಅಂತ ಆಸ್ಪತ್ರೆಯ ನರ್ಸಮ್ಮನಿಗೂ ಹೇಳಿಕೊಂಡೆ. ನಿನ್ನ ಲೇಖನದಲ್ಲಿ ಅದು ಅರ್ಧ ಸಾಲಂತೆ, ಒಂದು ಬಾರಿ ಬಿದ್ದರು ಅಂತ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಯಾರಿಗೆ ಹೇಳುವುದು?

ಸುವರ್ಣಾ ಒಳ್ಳೆಯ ಹುಡುಗಿ, ನನ್ನ ಮುಖ ನೋಡಲಾರದೆ, "ಇದನ್ನ ಓದಿ ಎಷ್ಟೋ ಡಾಕ್ಟರು ಎಷ್ಟೋ ಮಂದಿಗೆ ಹೇಳ್ತಾರ್ರಿ, ಪುಣ್ಯದ ಕೆಲಸ" ಅಂದಳು. ಇರಬಹುದು. ನಾಲ್ಕು ಜನಕ್ಕೆ ಒಳ್ಳೆಯದಾದರೆ ನಾನು ಬೇಡ ಅನ್ನುವಷ್ಟು ಪಾಪಿಯಲ್ಲ. ಆ ನಾಲ್ಕು ಜನರಲ್ಲಿ ಮೊದಲನೆಯವರು ನಿಮ್ಮಪ್ಪ ಆಗಬೇಕಿತ್ತು, ಅಷ್ಟೇ ನನ್ನ ಸಂಕಟ. ಆದ್ದರಿಂದ ನಾನು ಸಹಿ ಹಾಕಿಲ್ಲ.

ಮಳೆ ನಿಂತಿದೆ. ಅವರೆಕಾಯಿ ಬಂದ ಮೇಲೆ ಯಾರಾದರೂ ಆ ಕಡೆ ಬಂದರೆ ಹಿತಕಿದ ಬೇಳೆ ಒಣಗಿಸಿ ಕೊಟ್ಟು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ, ಆದರೆ ಬರೆದಾಯಿತು, ಇರಲಿ.

ನಿನ್ನ ಅಮ್ಮ,
ಅಕ್ಕಯ್ಯಮ್ಮ
(ನಿನ್ನ ಲೇಖನದಲ್ಲಿ ರೋಗಿಯ ಪತ್ನಿ)

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ನಾನು ತರಕಾರಿಗೆ ಹೋಗಿದ್ದಾಗ ನಿಮ್ಮಪ್ಪ ಸುವರ್ಣಾಳ ಕೈಯಲ್ಲಿ ಫಾರಂ ಹುಡುಕಿಸಿ ತಮ್ಮ ಸಹಿ ಹಾಕಿಬಿಟ್ಟಿದ್ದಾರೆ. ಅರ್ಧ ಗಂಟೆ ಹಿಡಿಯಿತಂತೆ. "ಮಗಾ ಕೇಳವಳೆ, ಕಳ್ಸೇ. ಅವ್ಳ ಕೈಗುಣಕ್ಕೆ ಆವತ್ತು ಮೂರು ದಿನ ನಡೆದಿದ್ದೆ, ಬಂದ್ರೆ ತಿರ್ಗಾ ನಡೀತೀನಿ" ಅಂತಾರೆ. ಅವರಿಗೆ ಏನೂ ಗೊತ್ತಿಲ್ಲ ಕುಸುಮಾ, ನಾನು ಹೇಳಿಲ್ಲ. ಫಾರಂ ಇಲ್ಲೇ ಇರಲಿ. ಸಂಕ್ರಾಂತಿಗೆ ಬಾ, ಅವರ ಪಕ್ಕದಲ್ಲಿ ಕೂತು ಆ ಐದು ವಾರದ್ದನ್ನು ನಿನ್ನ ಬಾಯಿಂದಲೇ ಹೇಳು. ಕೇಳಿಸಿಕೊಂಡ ಮೇಲೂ ಅವರು ಆ ಕಾಗದವನ್ನು ನಿನ್ನ ಕೈಗೆ ಕೊಟ್ಟರೆ, ಕೆಳಗೆ ನಾನೂ ಸಹಿ ಹಾಕುತ್ತೇನೆ. ಹೇಳಲಾಗದಿದ್ದರೆ ಬರಬೇಡ. ಯಾಕೆ ಬರಲಿಲ್ಲ ಅಂತ ಅವರು ಕೇಳಿದಾಗ ನಾನೇ ಏನಾದರೂ ಸುಳ್ಳು ಹೇಳಿಕೊಳ್ಳುತ್ತೇನೆ.