ಚಲೋ ರೀ, ಬಿಡ್ ರೀ

ಕಬ್ಬಿಣ ಬೆಸೆದು, ನಮ್ಮಿಂದ ಅಗಲಿಹೋದ ಥಾವರಪ್ಪಾ,

ನೀನು ವೆಲ್ಡಿಂಗ್ ಸಾಮಾನು ಮಾರಿ, ಮೊಲೆಂ ಗಡಿ ದಾಟಿ ನಿನ್ನ ತಾಂಡಾಕ್ಕೆ ಹೋದ ಮೇಲೆ ಈ ಗುಡ್ಡದಲ್ಲಿ ನನ್ನ ಚೇಷ್ಟೆಗೆ ಸಿಗುವವರೇ ಇಲ್ಲ. ಗೋವಾದ ಮಳೆ ಮತ್ತೆ ಹಿಡಿದಿದೆ. ಗುಡ್ಡ ಹತ್ತುವ ನಮ್ಮ ಮೆಟ್ಟಿಲಿಗೆ ಪಾಚಿ ಬಂದಿದೆ. ರೇಲಿಂಗೂ ಬಂದಿದೆ. ಹಲ್ಲು ಕಡಿಯಬೇಡ, ಪೂರ್ತಿ ಓದು.

ಮೊದಲ ಸಲ ರೇಲಿಂಗಿಗೆ ಅನುದಾನ ಬಂದಾಗ ನೀನು ಒಂದು ಮೊಳದ ಮಾದರಿ ಮಾಡಿ, ಹೆಗಲ ಮೇಲೆ ಹೊತ್ತು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತ ಸಾಂಖಳಿ ಊರಿನ ಕೊಂಕಣಿಗ. ಯಾವ ಮಾತಿಗೂ 'ರೀ' ಹಚ್ಚಿದರೆ ಕನ್ನಡವಾಗುತ್ತದೆ ಎಂದು ನಂಬಿದವನು. ಮಾದರಿ ತಟ್ಟಿ ನೋಡಿ, "ಚಲೋ ರೀ, ಬಿಡ್ ರೀ!" ಅಂದ. ಅವನ 'ಚಲೋ' ನಮ್ಮ ಕನ್ನಡದ್ದು, 'ಬಿಡ್' ಇಂಗ್ಲಿಷಿನದ್ದು: ಕೆಲಸ ಚೆನ್ನಾಗಿದೆ, ಟೆಂಡರಿಗೆ ದರ ಹಾಕು ಎಂದು. ನಿನ್ನ ಕಿವಿಯಲ್ಲಿ 'ಚಲೋ' ಹಿಂದಿಯಾಯಿತು, 'ಬಿಡ್ರಿ' ಕನ್ನಡವಾಯಿತು. "ನಡೀರಿ, ಬಿಡ್ರಿ ಅಂದಾನೋ ಪರಮಣ್ಣಾ. ಬಿಟ್ಟು ಬಂದೆ" ಎಂದು ಮಾದರಿಯನ್ನು ನನ್ನ ಬಾಗಿಲಲ್ಲಿ ಒಗೆದೆ.

ದರ ಹಾಕಿದವರು ಇಬ್ಬರೇ. ಮೂರು ದರಪಟ್ಟಿ ಇಲ್ಲದೆ ಅನುದಾನ ಮುಟ್ಟಬಾರದು ಎಂಬುದು ನಿಯಮ. ಮಾರ್ಚ್ ಮುಗಿಯಿತು, ದುಡ್ಡು ಪಣಜಿಗೆ ವಾಪಸಾಯಿತು. ಆಮೇಲೆ ಗುಮಾಸ್ತನೇ ನನ್ನನ್ನು ತಡೆದು, "ನಿಮ್ಮ ವೆಲ್ಡರ್ ಬಿಡ್ ಯಾಕ ಹಾಕ್ಲಿಲ್ಲ ರೀ?" ಎಂದಾಗ ವಿಷಯ ತಿಳಿಯಿತು.

ಅವತ್ತು ಗುಡ್ಡಕ್ಕೆ ಗುಡ್ಡವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಿನ್ನ ಹೆಂಡತಿ ಭೂರಿಬಾಯಿ. "ಬೀಡಿ ಬಿಡು ಅಂದ್ರ ಬಿಡೂದಿಲ್ಲ, ಬರೂ ಕೆಲಸ ಬಿಡ್ ಅಂದ್ರ ಬಿಟ್ಟ ಬಂದಾನ ನೋಡ್ರಿ, ಶ್ಯಾಣ್ಯಾ!"

ಆ ಮಳೆಗಾಲದಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಅವಳೇ ಜಾರಿದಳು. ಹಿಡಿಯಲು ಕೈ ಚಾಚಿದಳು. ಅಲ್ಲಿ ಗಾಳಿ ಮಾತ್ರ ಇತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

"ನಾ ಬಿಟ್ಟೆ, ಅದಕ್ಕ ಆಕಿ ಬಿದ್ದಳು" ಎಂದು ನೀನು ತಲೆ ಚಚ್ಚಿಕೊಂಡೆ. ಅಲ್ಲವೋ ಹುಚ್ಚಾ. ನೀನು ತಪ್ಪು ಕೇಳಿಸಿಕೊಂಡೆ; ಕಚೇರಿಯವರು ಕೇಳಿಸಿಕೊಳ್ಳಲೇ ಇಲ್ಲ. ಇಬ್ಬರಿದ್ದಾರೆ, ಮೂರನೆಯವನನ್ನು ಕರೆಯೋಣ ಎಂದು ಒಬ್ಬನೂ ಗುಡ್ಡ ಹತ್ತಲಿಲ್ಲ.

ಈ ಸಲ ಮೂರೂ ದರಪಟ್ಟಿ ಬಂದವು. ಎಲ್ಲರಿಗಿಂತ ಕಡಿಮೆ ಹೇಳಿದವನಿಗೇ ಕೆಲಸ, ಅದೂ ನಿಯಮ. ಪೈಪು ಎಷ್ಟು ತೆಳುವೆಂದರೆ ಕಾಗೆ ಕೂತರೂ ನಡುಗುತ್ತದೆ. ಟೇಪು ಕತ್ತರಿಸಿ ಫೋಟೊ ತೆಗೆಸಿಕೊಂಡರು. ಮರುದಿನ ನಾನೊಂದು ಹಲಗೆ ತೂಗುಹಾಕಿದೆ: 'ದಯವಿಟ್ಟು ಹಿಡಿಯಬೇಡಿ, ರೇಲಿಂಗ್ ಬಿದ್ದೀತು.' ಅದನ್ನು ಕಿತ್ತೊಯ್ಯಲು ಅವತ್ತೇ ಕಚೇರಿಯ ಆಳು ಬಂದ. ಅದಕ್ಕೆ ಯಾವ ದರಪಟ್ಟಿಯೂ ಬೇಕಾಗಲಿಲ್ಲ.

ನಿನ್ನ ಮಾದರಿಯನ್ನು ನನ್ನ ಹೊಸ್ತಿಲ ಪಕ್ಕ ಸಿಮೆಂಟು ಹಾಕಿ ಹುಗಿದಿದ್ದೇನೆ. ನೀರು ತರುವ ಹೆಂಗಸರು ಅದನ್ನು ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಅಲುಗುವುದಿಲ್ಲ ಥಾವರಪ್ಪಾ. ಒಂದೇ ಮೊಳ. ಗುಡ್ಡಕ್ಕೆ ಸಾಲದು.

ನಿಮ್ಮ ತಾಂಡಾದ ಗುರು ಸೇವಾಲಾಲರು ನಿನ್ನನ್ನು ಕಾಯಲಿ. ಕಾಯುವುದಕ್ಕೆ ಇನ್ನಿಬ್ಬರು ದೇವರ ದರಪಟ್ಟಿಗಾಗಿ ಕಾಯದಿರಲಿ.

ನಿನ್ನನ್ನು ಬಿಡದ,
ಪರಮಣ್ಣ