ಬಿಜೋಯಾ ಭೇಟಿಗೆ ಬಂದ ನಾಯಿ

೨೪ ಅಕ್ಟೋಬರ್ ೨೦೦೪, ಭಾನುವಾರ

ಜುಲೈನಲ್ಲಿ ಕೆಳಮನೆಯ ತರಫ್‌ದಾರ್ ಬಾಬುವಿನ ನಾಯಿ ನನ್ನ ಹೆಂಡತಿ ಇಂದಿರಾಳ ಮೀನಖಂಡವನ್ನು ಕಚ್ಚಿ ಹರಿದುಹಾಕಿತು. ಪರಿಹಾರ ಕೇಳಿ ದಾವೆ ಹಾಕಿದರೆ, ಅದು ಬೀದಿನಾಯಿ, ತನ್ನದಲ್ಲ ಎಂದು ಕೋರ್ಟಿಗೆ ಬರೆದುಕೊಟ್ಟ. ಆ ಸಾಲು ನನಗೆ ಬಾಯಿಪಾಠವಾಗಿದೆ.

ಇಂದು ಅದೇ ತರಫ್‌ದಾರ್ ಬಾಬು ಸಂದೇಶ್ ಎಂಬ ಸಿಹಿಯ ಡಬ್ಬಿ ಹಿಡಿದು ಬಿಜೋಯಾ ಭೇಟಿಗೆ ಬಂದ. ದುರ್ಗಾಪೂಜೆ ಮುಗಿದ ಮೇಲೆ ಜಗಳ ಮರೆತು ಅಪ್ಪಿಕೊಳ್ಳುವುದು ಇಲ್ಲಿಯ ಬಂಗಾಳಿಗಳ ಪದ್ಧತಿ, ಅಪ್ಪಿಕೊಂಡೆ. ಅವನ ಹಿಂದೆಯೇ ನಾಯಿಯೂ ಮೆಟ್ಟಿಲು ಹತ್ತಿ ಬಂತು.

"ಭುಲು, ಬೋಶ್," ಎಂದ, ಅಭ್ಯಾಸಬಲದಿಂದ. ಅದು ತಕ್ಷಣ ಕೂತಿತು.

ಇಂದಿರಾ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬೀದಿನಾಯಿ ಭಾಳ ಮಾತು ಕೇಳ್ತದಲ್ರೀ," ಎಂದಳು.

ಸಂದೇಶ್ ರುಚಿಯಾಗಿತ್ತು, ಎರಡು ತಿಂದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿದೆ. ಆದರೆ ದಾವೆ ಹಿಂದಕ್ಕೆ ಪಡೆಯುವುದಿಲ್ಲ. ಮುಂದಿನ ವಾಯಿದೆಯಂದು ತುಂಬಿದ ಕೋರ್ಟಿನಲ್ಲಿ ಅವನು ಎದ್ದು ನಿಂತು ಹೇಳಲಿ, ಆ ನಾಯಿ ಯಾರದು?