ಕೆಂಪಿನ ನಡುವೆ ಹುಟ್ಟಿದ ಬಿಳಿ

೧೯ ಆಗಸ್ಟ್ ೧೯೬೧, ಶನಿವಾರ. ಊರಿಗಾಂ.

ಅಪ್ಪನಿಗೆ ಹೇಗೆ ಹೇಳುವುದೆಂದು ಬೆಂಗಳೂರಿನಿಂದ ರೈಲಿನುದ್ದಕ್ಕೂ ಅದೇ ಚಿಂತೆ. ಸಂಶೋಧನೆಯಲ್ಲಿ ಈ ತಿಂಗಳೂ ಏನೂ ಸಿಗದಿದ್ದರೆ ಬಿಟ್ಟು ಬಂದು ಇಲ್ಲಿನ ಶಾಲೆಯಲ್ಲಿ ಟೀಚರ್ ಆಗುತ್ತೇನೆಂದು ಮಾತು ಕೊಟ್ಟಿದ್ದೆ. ಮಗಳು ಮನೆ ಸೇರುತ್ತಾಳೆಂದು ಹಿಗ್ಗಿ, ಅಪ್ಪ ಹೆಡ್‌ಮಾಸ್ಟರ ಹತ್ತಿರ ಮಾತಾಡಿಯೂ ಆಗಿತ್ತು.

ನಿನ್ನೆ ಸಿಕ್ಕಿಬಿಟ್ಟಿತು! ಕೆಂಪು ಬ್ಯಾಕ್ಟೀರಿಯಾಗಳ ನಡುವೆ ಹುಟ್ಟಿದ್ದ ಒಂದೇ ಒಂದು ಬಿಳಿ ಚುಕ್ಕೆಯನ್ನು ಬೇರೆ ಮಾಡಿ ಬೆಳೆಸಿದ್ದೆ. ಎಷ್ಟು ಪೀಳಿಗೆ ಕಳೆದರೂ ಎಲ್ಲವೂ ಬಿಳಿಯೇ; ಆ ಬದಲಾವಣೆ ವಂಶಕ್ಕೇ ಇಳಿದಿತ್ತು. ಪ್ರೊಫೆಸರ್ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇನ್ನು ನೀನು ಎಲ್ಲಿಗೂ ಹೋಗಬೇಡ, ಪಿಎಚ್.ಡಿ. ಮುಗಿಸು" ಅಂದರು.

ಕರೆದೊಯ್ಯಲು ಬಂಗಾರಪೇಟೆ ಸ್ಟೇಷನ್ನಿಗೆ ಬಂದಿದ್ದ ಅಪ್ಪನಿಗೆ ಅಲ್ಲೇ ಎಲ್ಲ ಹೇಳಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಅಪ್ಪ ನನ್ನ ಚೀಲ ಕೈಗೆತ್ತಿಕೊಂಡು ಕೇಳಿದರು:

"ಅದ್ರ ಮಕ್ಳೂ ಬೆಳ್ಳಗೇ ಉಟ್ಟವಾ?"

"ಹೂಂ ಅಪ್ಪಾ, ಮೊಮ್ಮಕ್ಕಳೂ."

"ಅಂಗಾದ್ರೆ ಓದೋಗು ತಾಯಿ. ಎಡ್ಮಾಸ್ಟ್ರಿಗೆ ನಾನೇ ಏಳ್ತೀನಿ."

ಊರಿಗಾಂವರೆಗೂ ರೈಲಿನಲ್ಲಿ ಸಿಕ್ಕವರಿಗೆಲ್ಲ, "ನಮ್ ಮಗ್ಳು, ಪ್ರಪೇಸರ್ ಆಯ್ತಾಳೆ" ಎನ್ನುತ್ತಲೇ ಬಂದರು. ಕೆಲವರಿಗೆ ತಮಿಳಿನಲ್ಲಿ, ಕೆಲವರಿಗೆ ತೆಲುಗಿನಲ್ಲಿ. ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿ ಕೂತೆ. ಆದರೂ ಸಾಕು ಮಾಡಪ್ಪಾ ಅನ್ನಲು ಮನಸ್ಸೇ ಬರಲಿಲ್ಲ.